ಮೈಲಾರಿಯನ್ನು ನೋಡಲು ಬಂದವರು

ಮುಚ್ಚಿಡುವುದರಲ್ಲಿ ನೀಲಕ್ಕನದು ಎತ್ತಿದ ಕೈ. ಇದನ್ನು ಬೈಗುಳ ಅಂದುಕೊಳ್ಳಬೇಡಿ, ಹರಿಹರದ ಅವರ ಓಣಿಯಲ್ಲಿ ಇದು ಹೊಗಳಿಕೆಯ ಮಾತೇ ಆಗಿತ್ತು. ಯಾರ ಮನೆಗೆ ಹೆಣ್ಣು ನೋಡಲು ಬರುವವರಿದ್ದರೂ ಹಿಂದಿನ ದಿನವೇ ನೀಲಕ್ಕನಿಗೆ ಕರೆ ಬರುತ್ತಿತ್ತು. ಗುರುಶಾಂತಮ್ಮನ ಮಗಳಿಗೆ ಒಂದು ಕಾಲು ಚೂರು ಗಿಡ್ಡ. ಗಂಡಿನ ಕಡೆಯವರು ಬರುವ ಮೊದಲೇ ಹುಡುಗಿಯನ್ನು ಚಾಪೆಯ ಮೇಲೆ ಕೂರಿಸಿ, ಅವರು ಎದ್ದು ಹೋಗುವವರೆಗೂ ಏಳದಂತೆ ನೋಡಿಕೊಂಡವಳು ಇವಳು. ಉಪ್ಪಿಟ್ಟು, ಕೇಸರಿಬಾತು, ಚಹಾ ಎಲ್ಲ ತಾನೇ ಓಡಾಡಿ ಕೊಟ್ಟಳು. ಆ ಮದುವೆ ಆಗಿ ಹುಡುಗಿಗೆ ಈಗ ಎರಡು ಮಕ್ಕಳಿವೆ, ಗಂಡ ಚೆನ್ನಾಗಿಯೇ ನೋಡಿಕೊಳ್ಳುತ್ತಾನೆ. ಹಾಗಾಗಿ ತಾನು ಮಾಡಿದ್ದು ತಪ್ಪು ಎಂದು ನೀಲಕ್ಕನಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಊರವರ ಮನೆಯ ಮಾತು ಬಿಡಿ, ತನ್ನ ಮನೆಯದನ್ನೇ ಮುಚ್ಚಿಡುವ ಕಾಲ ಬಂದಿದ್ದು ಮೊಮ್ಮಗ ಮೈಲಾರಿಯಿಂದ. ತೀರಿಹೋದ ಗಂಡ ಮೈಲಪ್ಪನ ನೆನಪಿಗೆ ಅವಳೇ ಇಟ್ಟ ಹೆಸರು ಅದು. ನಾಲ್ಕು ತುಂಬಿದರೂ ಹುಡುಗನ ಬಾಯಿಂದ ಒಂದು ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಏನಾದರೂ ಬೇಕಾದರೆ ಹತ್ತಿರ ಇದ್ದವರ ಕೈ ಹಿಡಿದು ಎಳೆದುಕೊಂಡು ಹೋಗಿ ಆ ಕೈಯನ್ನು ನೀರಿನ ಕೊಡದ ಮೇಲೋ ಬಾಗಿಲ ಚಿಲಕದ ಮೇಲೋ ಇಡುತ್ತಾನೆ. ಕೈ ಯಾರದೆಂದು ಮುಖ ಎತ್ತಿ ನೋಡುವುದಿಲ್ಲ. ಹೆಚ್ಚು ಹಿಡಿಯುತ್ತಿದ್ದುದು ಅಜ್ಜಿಯ ಕೈಯನ್ನೇ, ಯಾಕೆಂದರೆ ದಿನವಿಡೀ ಮನೆಯಲ್ಲಿ ಖಾಲಿ ಇರುತ್ತಿದ್ದ ಕೈ ಅದೊಂದೇ. ರೇಗಿದರೆ ಹಣೆಯನ್ನು ನೆಲಕ್ಕೆ ಚಚ್ಚಿಕೊಳ್ಳುತ್ತಾನೆ.

ಡಾಕ್ಟರು ಆಟಿಸಂ ಅಂದರು. ನೀಲಕ್ಕ ಮೂಗು ಮುರಿದಳು. "ನಿಂಗರಾಜನೂ ತಡ ಮಾಡೇ ಮಾತಾಡಿದ್ದು. ಇವರ ವಂಶದಾಗೇ ಹಂಗೈತೆ" ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು. ಸೊಸೆ ಭವ್ಯಾ ಮೊದಮೊದಲು ಅತ್ತೆಗೆ ಬಿಡಿಸಿ ಹೇಳಲು ನೋಡಿದಳು, ಆಮೇಲೆ ಅದೇ ಮಾತು ಕೇಳಿ ಕೇಳಿ ಸಾಕಾಗಿ ಹೇಳುವುದನ್ನೇ ಬಿಟ್ಟಳು. ವಾರಕ್ಕೆ ಮೂರು ದಿನ ಮಗನನ್ನು ಸೊಂಟಕ್ಕೇರಿಸಿಕೊಂಡು ದಾವಣಗೆರೆ ಬಸ್ಸು ಹತ್ತಿ, ಪಿ.ಜೆ. ಬಡಾವಣೆಯಲ್ಲಿ ಥೆರಪಿ ಮಾಡುವ ರೇವತಿ ಮಿಸ್ ಹತ್ತಿರ ಹೋಗಿಬರುತ್ತಿದ್ದಳು. ಎಳೆಯದರಲ್ಲೇ ಕಲಿಸಿದರೆ ಕಲಿಯುತ್ತಾನೆ, ಬಿಟ್ಟರೆ ಮತ್ತೆ ಹಿಂದಕ್ಕೆ ಹೋಗುತ್ತಾನೆ ಎಂದು ಮಿಸ್ ಮೊದಲ ದಿನವೇ ಹೇಳಿದ್ದರು. ಹಾಗೆಯೇ ಒಂದಿಷ್ಟು ಕಲಿತಿದ್ದ ಕೂಡ. ಬಾಯಾರಿದರೆ ಲೋಟದ ಚಿತ್ರವಿರುವ ಒಂದು ರಟ್ಟಿನ ಚೂರನ್ನು ತಂದು ಅಮ್ಮನ ಕೈಗೆ ಕೊಡುತ್ತಿದ್ದ. ಭವ್ಯಾ ಆ ರಟ್ಟನ್ನು ದೇವರ ಪ್ರಸಾದದಂತೆ ಇಸಿದುಕೊಳ್ಳುತ್ತಿದ್ದಳು.

ಆದರೆ ದುಡ್ಡು ಎಲ್ಲಿಂದ ಬರಬೇಕು? ನಿಂಗರಾಜು ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷಿನ್ ಓಡಿಸುವವನು. ಓವರ್‌ಟೈಮ್ ಮಾಡಿದ, ಬೈಕು ಮಾರಿ ಸೈಕಲ್ಲು ಹತ್ತಿದ. ಇನ್ನು ತನ್ನ ಕೈಲಾಗದು ಎನ್ನುವ ಹೊತ್ತಿಗೆ ವರ್ಕ್‌ಶಾಪಿನವರು ಕೆಲಸಗಾರರಿಗೆಲ್ಲ ಹೊಸ ಆರೋಗ್ಯ ವಿಮೆ ಮಾಡಿಸಿದರು. ಅದರಲ್ಲಿ ಮಕ್ಕಳ ಥೆರಪಿಗೂ ಖರ್ಚು ಕೊಡುತ್ತಾರೆಂದು ಗೊತ್ತಾದ ದಿನ ಅವನು ಮನೆಗೆ ಜಿಲೇಬಿ ತಂದ.

"ಅವ್ವ, ಹದಿನೈದು ದಿನ ಬಿಟ್ಟು ವಿಮೆ ಕಂಪನಿ ಡಾಕ್ಟರು ಮೈಲಾರಿನ ನೋಡಾಕೆ ಮನಿಗೇ ಬರ್ತಾರೆ" ಅಂದ. "ಅವರು ನೋಡಿ ಹೂಂ ಅಂದ್ರೆ ರೇವತಿ ಮಿಸ್ ಫೀಸು ಪೂರ್ತಿ ಅವರದೇ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ನಿಲ್ಲಿಸೋದೇ. ಮತ್ತೇನು ಮಾಡ್ಲಿ?"

ಅಷ್ಟು ಹೇಳಿ ಅವನು ಕೈ ತೊಳೆಯಲು ಎದ್ದುಹೋದ. ವಿಮೆಯವರು ಏನನ್ನು ನೋಡಲು ಬರುತ್ತಾರೆ ಎಂದು ಅವನು ಹೇಳಲಿಲ್ಲ, ಭವ್ಯಾಳೂ ಹೇಳಲಿಲ್ಲ. ಅದೇನು ಹೇಳುವ ವಿಷಯವೇ, ಎಲ್ಲರಿಗೂ ಗೊತ್ತಿರುವುದಲ್ಲವೇ ಎಂದು ಇಬ್ಬರೂ ಅಂದುಕೊಂಡರು.

ನೀಲಕ್ಕನಿಗೆ ವಿಮೆ ಗೊತ್ತಿಲ್ಲದ್ದೇನಲ್ಲ. ಮಾಯಕೊಂಡದ ತವರಿನಲ್ಲಿ ಅಣ್ಣ ಗಿಡ್ಡಪ್ಪ ಹಸುಗಳಿಗೆ ವಿಮೆ ಮಾಡಿಸುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ದನದ ಡಾಕ್ಟರು ಬಂದು ಹಲ್ಲು ನೋಡುತ್ತಾರೆ, ಕೆಚ್ಚಲು ಮುಟ್ಟುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಗಟ್ಟಿಯಾಗಿದ್ದರೆ ಕಿವಿಗೆ ಹಳದಿ ಬಿಲ್ಲೆ ಚುಚ್ಚಿ ವಿಮೆ ಬರೆದುಕೊಳ್ಳುತ್ತಾರೆ. ಒಂದು ಸಲ ಗಿಡ್ಡಪ್ಪನ ಕುಂಟು ಹಸುವನ್ನು ನೋಡಿದ ಡಾಕ್ಟರು ಚಹಾ ಕೂಡ ಕುಡಿಯದೆ ಗಾಡಿ ಹತ್ತಿದ್ದರು. ಅಂದಮೇಲೆ ವಿಮೆಯವರ ಮುಂದೆ ಐಬು ತೋರಿಸುವುದುಂಟೇ? ಮೊಮ್ಮಗನ ಪಾಠ ಉಳಿಯಬೇಕಾದರೆ ಮೊಮ್ಮಗ ಗಟ್ಟಿ ಕಾಣಬೇಕು. ಲೆಕ್ಕ ಅವಳ ಪಾಲಿಗೆ ಅಷ್ಟು ಸರಳವಾಗಿತ್ತು. ಪಾಪ, ಅವಳನ್ನು ಬೈದು ಏನು ಪ್ರಯೋಜನ? ಅವಳ ಜಾಗದಲ್ಲಿ ನೀವಿದ್ದರೂ ಅಷ್ಟೇ, ನಾನಿದ್ದರೂ ಅಷ್ಟೇ.

ಮರುದಿನದಿಂದಲೇ ಶುರುವಾಯಿತು ಅವಳ ಶಾಲೆ. ಬೆಳಿಗ್ಗೆ ಭವ್ಯಾ ಒಲೆಯ ಮುಂದೆ ಇರುವ ಹೊತ್ತಿಗೆ ನೀಲಕ್ಕ ಹುಡುಗನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದಳು. ಮುಷ್ಟಿಯಲ್ಲಿ ಕಲ್ಲುಸಕ್ಕರೆ. ಮೈಲಾರಿಗೆ ಕಲ್ಲುಸಕ್ಕರೆ ಅಂದರೆ ಪ್ರಾಣ. ಅವನ ಎರಡೂ ಕೈ ಹಿಡಿದು ಜೋಡಿಸುವುದು, ಬಾಯಿಗೆ ಒಂದು ಹರಳು ಹಾಕುವುದು. ಮತ್ತೆ ಜೋಡಿಸುವುದು, ಮತ್ತೊಂದು ಹರಳು. ಆಮೇಲೆ ಮುಷ್ಟಿಯನ್ನು ತನ್ನ ಹಣೆಯ ಹತ್ತಿರ ಹಿಡಿದಳು. ಸಕ್ಕರೆ ಇರುವ ಕಡೆ ಹುಡುಗ ನೋಡಲೇಬೇಕಲ್ಲ, ನೋಡಿದ. ಎದುರಿಗೆ ನಿಂತವರಿಗೆ ಅದು ಮುಖವನ್ನೇ ನೋಡಿದಂತೆ ಕಾಣುತ್ತಿತ್ತು. ಕೈ ಮುಗಿಯುವುದು, ತಲೆ ಎತ್ತುವುದು, ಅಜ್ಜಿಯ ಹಣೆ ನೋಡುವುದು. ಒಂದು ವಾರ ಕಳೆಯುವಷ್ಟರಲ್ಲಿ ಮುಷ್ಟಿ ಹಣೆಗೆ ಹೋದರೆ ಸಾಕು, ಹುಡುಗನ ಕೈ ತಾನೇ ಜೋಡಿಸಿಕೊಳ್ಳುತ್ತಿತ್ತು. ಅದಾದ ಮೇಲೆ ಬಿಸ್ಕೀಟಿನ ತಟ್ಟೆ ಹಿಡಿದು ನಾಲ್ಕು ಹೆಜ್ಜೆ ನಡೆದುಬರುವುದನ್ನೂ ಕಲಿಸಿದಳು.

ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನೀಲಕ್ಕನಷ್ಟು ಸುಖಿ ಆ ಓಣಿಯಲ್ಲಿ ಇನ್ನೊಬ್ಬರಿರಲಿಲ್ಲ. ಹುಟ್ಟಿದಾಗಿನಿಂದ ಅವಳ ಮುಖ ನೋಡದ ಮೊಮ್ಮಗ ಈಗ ದಿನಕ್ಕೆ ಎಷ್ಟೋ ಸಲ ಅವಳ ಹಣೆಯ ಕಡೆ ಕಣ್ಣೆತ್ತುತ್ತಿದ್ದ. ಅದು ಸಕ್ಕರೆಗೆಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು.

ಡಾಕ್ಟರು ಬಂದ ದಿನ ಮನೆ ಸಾರಿಸಿ ಗುಡಿಸಿ, ಬಾಗಿಲಿಗೆ ರಂಗೋಲಿ ಬಿಟ್ಟು, ಹುಡುಗನಿಗೆ ಹೊಸ ಅಂಗಿ ತೊಡಿಸಿದ್ದಾಯಿತು. ಬಂದವರು ಸ್ವಾತಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರು, ಜೊತೆಗೆ ಬರೆದುಕೊಳ್ಳಲು ಒಬ್ಬ.

"ಬರ್ರಿ, ಕೂಡ್ರಿ. ಮಂಡಕ್ಕಿ ಮೆಣಸಿನಕಾಯಿ ಮಾಡೀನಿ, ಮೊದ್ಲು ತಿನ್ರಿ" ಎಂದು ನೀಲಕ್ಕ ಕುರ್ಚಿ ಹಾಕಿದಳು. ಎಲ್ಲಿ ಹಾಕಬೇಕು ಎಂದು ಅವಳು ಮೊದಲೇ ನೋಡಿಟ್ಟಿದ್ದಳು. ಡಾಕ್ಟರು ಕೂತ ಕುರ್ಚಿಯ ಹಿಂದೆಯೇ ಅಡುಗೆಮನೆಯ ಬಾಗಿಲು, ಆ ಬಾಗಿಲಲ್ಲಿ ಅವಳು.

ಮೈಲಾರಿ ತಟ್ಟೆ ಹಿಡಿದುಕೊಂಡು ಬಂದ. ನೀಲಕ್ಕನ ಮುಷ್ಟಿ ಹಣೆಗೆ ಹೋಯಿತು. ಹುಡುಗ ತಟ್ಟೆಯನ್ನು ನೆಲಕ್ಕಿಟ್ಟು, ಎರಡೂ ಕೈ ಜೋಡಿಸಿ, ತಲೆ ಎತ್ತಿ ಡಾಕ್ಟರ ತಲೆಯ ಮೇಲಿನಿಂದ ಅವಳ ಹಣೆಯನ್ನೇ ನೋಡಿದ. ಡಾಕ್ಟರು ನಕ್ಕು ತಾವೂ ಕೈ ಮುಗಿದರು. ಗೋಡೆಗೆ ಒರಗಿ ನಿಂತಿದ್ದ ಭವ್ಯಾ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಕಣ್ಣು ಮಗನ ಜೋಡಿಸಿದ ಕೈಗಳ ಮೇಲೆ ನೆಟ್ಟುಹೋಗಿತ್ತು, ಹಿಂದೆ ನಿಂತ ಅತ್ತೆಯ ಕಡೆ ಹೊರಳಲೇ ಇಲ್ಲ.

"ತಲೆ ಚಚ್ಚಿಕೊಳ್ಳೋದು, ಕೂಗೋದು ಏನಾದ್ರೂ ಇದೆಯಾ?" ಎಂದು ಡಾಕ್ಟರು ಕೇಳಿದರು.

ಭವ್ಯಾ ಬಾಯಿ ತೆರೆಯುವ ಮೊದಲೇ ನೀಲಕ್ಕ ಅಂದಳು, "ಎಲ್ಲಾ ಮಕ್ಳು ಹಟ ಮಾಡ್ತಾವಲ್ರಿ, ಹಂಗೇ ಇವನೂ. ನಮ್ಮ ಸೊಸಿಗೆ ಹೆದರಿಕಿ ಜಾಸ್ತಿ." ಭವ್ಯಾ ಅದಕ್ಕೆ ಎದುರು ಮಾತಾಡಲಿಲ್ಲ. ಆ ಗಳಿಗೆಯಲ್ಲಿ ಅವಳಿಗೆ ನೆಲವೂ ನೆನಪಿರಲಿಲ್ಲ, ಹಣೆಯೂ ನೆನಪಿರಲಿಲ್ಲ. ತನ್ನ ಮಗ ಒಬ್ಬರ ಮುಖ ನೋಡಿದ ಎಂಬುದೊಂದೇ ಅವಳ ತಲೆಯಲ್ಲಿತ್ತು. ಹುಡುಗ ಕೊಸರಾಡಲು ಶುರುಮಾಡುತ್ತಲೇ ನೀಲಕ್ಕ "ನಿದ್ದಿ ಬಂದೈತೆ" ಎಂದು ಎತ್ತಿಕೊಂಡು ಒಳಗೆ ಹೋದಳು. ಒಳಗೆ ಅವನ ಬಾಯಿಗೆ ಸಕ್ಕರೆ ಹಾಕಿ, ಬೆನ್ನು ಸವರಿ, "ಗೆದ್ದೆ ನೋಡು ಮರಿ" ಅಂದಳು.

ಉತ್ತರ ನಿಂಗರಾಜನ ಫೋನಿಗೆ ಬಂತು. ಅವನು ಸೈಕಲ್ಲು ಹೊರಗೇ ಒರಗಿಸಿ, ಹೊಸ್ತಿಲಲ್ಲಿ ನಿಂತು ಓದಿ ಹೇಳಿದ. ಮಗು ಬಂದವರ ಮುಖ ನೋಡುತ್ತದೆ, ನಮಸ್ಕಾರ ಮಾಡುತ್ತದೆ, ತಿಂಡಿ ತಂದುಕೊಡುತ್ತದೆ. ತೊಂದರೆ ತೀರಾ ಅಲ್ಪ. ಥೆರಪಿಯ ಖರ್ಚು ಕೊಡಲು ಬರುವುದಿಲ್ಲ.

ನೀಲಕ್ಕನಿಗೆ ಅರ್ಥವಾಗಲಿಲ್ಲ. "ಹುಡುಗ ಚೆನ್ನಾಗದಾನೆ ಅಂತ ತಾನೇ ಬರ್ದಿರೋದು? ಮತ್ಯಾಕ ಕೊಡಲ್ಲ?"

"ಅದಕ್ಕೇ ಕೊಡಲ್ಲ ಅವ್ವ. ಚೆನ್ನಾಗಿರೋ ಹುಡುಗನಿಗೆ ಥೆರಪಿ ಯಾಕ ಅಂತ."

ಅವಳು ಗೋಡೆ ಹಿಡಿದುಕೊಂಡಳು. ಗಿಡ್ಡಪ್ಪನ ಹಸು, ಹಳದಿ ಬಿಲ್ಲೆ, ಹದಿನೈದು ದಿನದ ಶಾಲೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ನಿಂಗರಾಜು ಫೋನನ್ನು ಜೇಬಿಗೆ ಹಾಕಿ ಹೊರಗೆ ಹೋದ. ಭವ್ಯಾ ಮಾತ್ರ ಅಲ್ಲೇ ಕೂತಿದ್ದಳು.

"ಹೋಗ್ಲಿ ಬಿಡ್ರಿ ಅತ್ತೆ" ಎಂದು ಅವಳೇ ಸಮಾಧಾನ ಹೇಳಿದಳು. "ದುಡ್ಡು ಹೆಂಗಾದ್ರೂ ನೋಡೋಣ. ಅವನು ಅಷ್ಟು ಚೆಂದ ಕೈ ಮುಗಿದನಲ್ಲ, ಅದು ಸಾಕು ನನಗೆ. ಅವತ್ತು ನಮ್ಮವ್ವಗೆ ಫೋನ್ ಮಾಡಿ ಅತ್ತೇ ಬಿಟ್ಟೆ. ಅವ್ವಾ, ನಿನ್ನ ಮೊಮ್ಮಗ ಮುಖ ನೋಡ್ದ ಅಂದೆ."

ನೀಲಕ್ಕ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಮುಚ್ಚಿಡುವುದು ಅವಳಿಗೆ ಬಾರದ ವಿದ್ಯೆಯೇ? ಆದರೆ ಸೊಸೆಯ ಆ ಸಮಾಧಾನವನ್ನು ಕೇಳಿಕೊಂಡು ಕೂರಲು ನೀಲಕ್ಕನಿಗೆ ಆಗಲಿಲ್ಲ. ಎದ್ದು ಹೋಗಿ ಡಬ್ಬಿಯಿಂದ ಕಲ್ಲುಸಕ್ಕರೆ ತಂದಳು. ಹುಡುಗ ಮೂಲೆಯಲ್ಲಿ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದ. ಅವಳು ಮುಷ್ಟಿಯನ್ನು ಹಣೆಗೆ ಹಿಡಿದಳು. ಮೈಲಾರಿ ಎದ್ದು ಬಂದು ಕೈ ಮುಗಿದ, ತಲೆ ಎತ್ತಿದ, ಬಾಯಿ ತೆರೆದ.

ಭವ್ಯಾ ಬೈಯಲಿಲ್ಲ. ಬೈದಿದ್ದರೆ ನೀಲಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು. ಭವ್ಯಾ ಫೋನು ಕೈಗೆತ್ತಿಕೊಂಡು, "ನಮ್ಮವ್ವಗೆ ಏನಂತ ಹೇಳ್ಲಿ ಈಗ?" ಎಂದು ತನ್ನನ್ನೇ ಕೇಳಿಕೊಂಡಂತೆ ಕೇಳಿದಳು.

ಥೆರಪಿ ನಿಂತಿತು. ಹೋಗುವ ದಿನಗಳು ಮೈಲಾರಿಗೆ ಹೇಗೋ ಗೊತ್ತಾಗುತ್ತಿದ್ದವು. ಆ ದಿನ ತನ್ನ ಚಪ್ಪಲಿ ತಾನೇ ತಂದು ಬಾಗಿಲ ಮುಂದೆ ಇಟ್ಟು, ಅಜ್ಜಿಯ ಕೈ ಎಳೆದು ಚಿಲಕದ ಮೇಲೆ ಇಡುತ್ತಿದ್ದ. ಬಾಗಿಲು ತೆಗೆದು ಎಲ್ಲಿಗೆ ಕರೆದೊಯ್ಯುವುದು? ತೆಗೆಯದಿದ್ದರೆ ಹಣೆ ಚಚ್ಚಿಕೊಳ್ಳುವುದು. ಲೋಟದ ಚಿತ್ರದ ರಟ್ಟು ಮಂಚದ ಕೆಳಗೆ ಬಿದ್ದಿತ್ತು, ಅದನ್ನು ಕೈಗೆ ಕೊಟ್ಟರೂ ಅದು ಯಾತಕ್ಕೆಂದು ಅವನಿಗೆ ಮರೆತುಹೋಗಿತ್ತು. ಕೈ ಮುಗಿಯುವುದು ಮಾತ್ರ ಮರೆಯಲಿಲ್ಲ. ಹಾಲಿನವನಿಗೆ, ನಿಲ್ಲಿಸಿದ ಸ್ಕೂಟರಿಗೆ, ಗೋಡೆಗೆ, ಕಂಡಕಂಡದ್ದಕ್ಕೆಲ್ಲ ಕೈ ಮುಗಿದು ಬಾಯಿ ತೆರೆದು ನಿಲ್ಲುತ್ತಿದ್ದ. ಪಕ್ಕದ ಮನೆಯ ಇಮಾಂಬೀ ಅದನ್ನು ನೋಡಿ "ಎಷ್ಟು ಭಕ್ತಿ ನೋಡು ಮಗಂದು" ಅಂದಾಗ ನೀಲಕ್ಕ ಸರಕ್ಕನೆ ಒಳಗೆ ಹೋದಳು.

ನಿಂಗರಾಜು ವಿಮೆ ಆಫೀಸಿಗೆ ಅಲೆದು, ಇನ್ನೊಂದು ಸಲ ನೋಡಿ ಎಂದು ಕೈಕಾಲು ಹಿಡಿದ. ದಾವಣಗೆರೆಗೇ ಕರೆದುಕೊಂಡು ಬನ್ನಿ ಅಂದರು. ವಿಷಯ ತಿಳಿದ ರೇವತಿ ಮಿಸ್ ಭವ್ಯಾಳಿಗೆ ಫೋನಿನಲ್ಲೇ ಹೇಳಿದರು. "ಅಜ್ಜಿನೂ ಬರ್ಲಿ. ಆಗಿದ್ದೆಲ್ಲ ಅವರ ಬಾಯಿಂದಲೇ ಬರ್ಲಿ. ಆದ್ರೆ ಕೈಯಲ್ಲಿ ಏನೂ ಬ್ಯಾಡ. ಅವನು ಏನೇ ಮಾಡಿದ್ರೂ ಕೈ ಖಾಲಿ ಇರ್ಬೇಕು."

ಪಿ.ಜೆ. ಬಡಾವಣೆಯ ಒಂದು ಕ್ಲಿನಿಕ್ಕಿನ ಮೇಲಂತಸ್ತು. ಅದೇ ಸ್ವಾತಿ ಡಾಕ್ಟರು. ನೀಲಕ್ಕ ಕುರ್ಚಿಯ ತುದಿಯಲ್ಲಿ ಕೂತಳು. ಹೆಣ್ಣು ನೋಡಲು ಬಂದವರ ಮುಂದೆ ಅರಳು ಹುರಿದಂತೆ ಮಾತಾಡುತ್ತಿದ್ದವಳಿಗೆ ಈಗ ನಾಲಗೆಯೇ ಹೊರಳಲಿಲ್ಲ.

"ಹೇಳಿ ಅಜ್ಜಿ."

"ಅವತ್ತು ನಾನು ಸುಳ್ಳು ತೋರಿಸಿದೆ, ಡಾಕ್ಟ್ರೇ" ಅಂದಳು. "ಅವನು ನಿಮ್ಮ ಮುಖ ನೋಡ್ಲಿಲ್ಲ, ನನ್ನ ಮುಷ್ಟಿ ನೋಡ್ದ. ನಮ್ಮ ಹುಡುಗ ಯಾರ ಮುಖನೂ ನೋಡಲ್ಲ. ಕರೆದ್ರೆ ತಿರುಗಲ್ಲ. ಒಂದು ಮಾತು ಬರಲ್ಲ. ಸಿಟ್ಟು ಬಂದ್ರೆ ಹಣೆ ಒಡಕೊಳ್ತಾನೆ. ಅವನಿಗೆ ನಾನು ಅಜ್ಜಿ ಅಂತಾನೂ ಗೊತ್ತಿಲ್ಲ. ಅವನ ಪಾಲಿಗೆ ನಾನು ಒಂದು ಕೈ, ಅಷ್ಟೇ."

ಜನ್ಮದಲ್ಲಿ ಮೊದಲ ಸಲ ತನ್ನ ಮನೆಯ ಕೂಸಿನ ಐಬನ್ನು ಹೊರಗಿನವರ ಮುಂದೆ ಒಂದೊಂದಾಗಿ ಬಿಚ್ಚಿಟ್ಟಳು. ಕೂಸು ಅಲ್ಲೇ ಕಿಟಕಿಯ ಹತ್ತಿರ ಮುಚ್ಚಳ ತಿರುಗಿಸುತ್ತಿತ್ತು, ಕೇಳಿಸಿಕೊಂಡಿತೋ ಇಲ್ಲವೋ ದೇವರಿಗೇ ಗೊತ್ತು.

ಅಷ್ಟರಲ್ಲಿ ಮೈಲಾರಿ ಎದ್ದು ಅಜ್ಜಿಯ ಮುಂದೆ ಬಂದು ನಿಂತ. ಯಾರೂ ಹೇಳದೆ ಕೈ ಮುಗಿದ. ತಲೆ ಎತ್ತಿ ಅವಳ ಹಣೆ ನೋಡಿದ. ಅಲ್ಲಿ ಮುಷ್ಟಿ ಇರಲಿಲ್ಲ. ಮತ್ತೆ ಕೈ ಮುಗಿದ, ಸರಿಯಾಗಿ ಮಾಡಲಿಲ್ಲವೇನೋ ಎಂಬಂತೆ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಜೋಡಿಸಿದ. ಅವಳ ಬಲಗೈ ಎತ್ತಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ. ಏನೂ ಇಲ್ಲ. ಎಡಗೈ ಬಿಡಿಸಿದ. ಅಲ್ಲೂ ಇಲ್ಲ. ಮತ್ತೆ ಕೈ ಮುಗಿದ. ಅವನಿಗೆ ಬರುತ್ತಿದ್ದುದು ಅದೊಂದೇ, ಅದನ್ನೇ ಮತ್ತೆ ಮತ್ತೆ ಮಾಡಿ ತೋರಿಸಿದ. ಒಂದೇ ಒಂದು ಹರಳು ಸೆರಗಿನ ಗಂಟಿನಲ್ಲಿ ಇದ್ದಿದ್ದರೆ ನೀಲಕ್ಕ ಅವತ್ತು ಕೊಟ್ಟೇಬಿಡುತ್ತಿದ್ದಳು, ವಿಮೆ ಹಾಳಾಗಿ ಹೋಗಲಿ ಎಂದು. ಅದು ಗೊತ್ತಿದ್ದೇ ಭವ್ಯಾ ಹೊರಡುವಾಗ ಅವಳ ಸೆರಗಿನ ಗಂಟು ಬಿಚ್ಚಿ ನೋಡಿದ್ದಳು.

ಕೊನೆಗೆ ಹುಡುಗನ ಬಾಯಿಂದ ಒಂದು ಕೂಗು ಬಂತು. ದಡಾರನೆ ಮಂಡಿಯೂರಿ ಹಣೆಯನ್ನು ನೆಲಕ್ಕೆ ಬಡಿಯಲು ಬಗ್ಗಿದ. ಭವ್ಯಾ ಕೂತು ತನ್ನ ಅಂಗೈಯನ್ನು ಅವನ ಹಣೆಗೂ ನೆಲಕ್ಕೂ ನಡುವೆ ಇಟ್ಟಳು. ಅವನು ಬಡಿದ, ಅವಳು ಕೈ ತೆಗೆಯಲಿಲ್ಲ. ಸೊಸೆಯ ಬೆರಳ ಗಿಣ್ಣುಗಳು ಯಾವಾಗಲೂ ಕಪ್ಪಿಟ್ಟು ಊದಿರುವುದನ್ನು ನೀಲಕ್ಕ ಎಷ್ಟೋ ದಿನದಿಂದ ನೋಡಿದ್ದಳು, ರೊಟ್ಟಿ ಬಡಿದು ಆಗಿದ್ದು ಎಂದುಕೊಂಡಿದ್ದಳು. ಈಗ ಗೊತ್ತಾಯಿತು. ಡಾಕ್ಟರು ಕಾಗದ ಹತ್ತಿರ ಎಳೆದುಕೊಂಡು ಬರೆದರು.

ಒಪ್ಪಿಗೆ ಬಂತು. ಥೆರಪಿ ಮತ್ತೆ ಶುರುವಾಯಿತು. ಮೈಲಾರಿ ಚಪ್ಪಲಿ ತಂದಿಟ್ಟರೆ ಈಗ ಬಾಗಿಲು ತೆರೆಯುತ್ತದೆ. ಲೋಟದ ರಟ್ಟನ್ನು ರೇವತಿ ಮಿಸ್ ಮೊದಲಿನಿಂದ ಕಲಿಸುತ್ತಿದ್ದಾರೆ, ನಿಧಾನಕ್ಕೆ ಬರುತ್ತದೆ ಅಂದಿದ್ದಾರೆ. ಅಲ್ಲಿಯವರೆಗೆ ಅವನು ಮತ್ತೆ ಕೈ ಹಿಡಿದು ಎಳೆಯುತ್ತಾನೆ. ಅಮ್ಮನ ಕೈ, ಅಪ್ಪನ ಕೈ, ಮಜ್ಜಿಗೆ ಕೊಡಲು ಬಂದ ಇಮಾಂಬೀಯ ಕೈ, ಯಾರದಾದರೂ ಸರಿ. ಅಜ್ಜಿಯ ಕೈ ಮಾತ್ರ ಹಿಡಿಯುವುದಿಲ್ಲ. ಕ್ಲಿನಿಕ್ಕಿನಿಂದ ಬಂದ ದಿನದಿಂದ ಅವಳ ಮುಂದೆ ಕೈ ಮುಗಿದೂ ಇಲ್ಲ.

"ವಿಮೆ ಆತಂತಲ್ಲ ನೀಲಕ್ಕ, ಬಾಳ ಖುಷಿ ಆತು" ಎಂದು ಗುರುಶಾಂತಮ್ಮ ಬಂದು ಹೇಳಿದರೆ, ಇವಳು "ಹೂಂ ತಾಯಿ, ದೇವರು ದೊಡ್ಡೋನು" ಎನ್ನುತ್ತಾಳೆ. ನಗುತ್ತಲೇ ಹೇಳುತ್ತಾಳೆ.

ಮೊನ್ನೆ ಒಂದು ಮಧ್ಯಾಹ್ನ ಭವ್ಯಾ ರೇಷನ್ ತರಲು ಹೋಗಿದ್ದಳು. ಮನೆಯಲ್ಲಿ ಅಜ್ಜಿ, ಮೊಮ್ಮಗ ಇಬ್ಬರೇ. ಮೈಲಾರಿಗೆ ಬಾಯಾರಿತು. ಕೊಡದ ಹತ್ತಿರ ಹೋಗಿ ನಿಂತ, ಸುತ್ತ ನೋಡಿದ. ನೀಲಕ್ಕನ ಕೈ ಅವನಿಗೆ ಒಂದು ಮಾರು ದೂರದಲ್ಲಿತ್ತು. ಅವಳು ಆ ಕೈಯನ್ನು ಇನ್ನೂ ಸ್ವಲ್ಪ ಮುಂದೆ ಚಾಚಿದಳು. ಅವನು ಅದನ್ನು ನೋಡಿದ. ನೋಡಿ, ಕೊಡಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟ.

ಅವಳೇ ಎದ್ದು ಲೋಟದಲ್ಲಿ ನೀರು ತುಂಬಿ ಅವನ ಮುಂದೆ ಇಟ್ಟಳು. ಮುಟ್ಟಲಿಲ್ಲ. ಒಣಗಿದ ತುಟಿಯನ್ನು ನಾಲಗೆಯಿಂದ ಸವರಿಕೊಳ್ಳುತ್ತಾ ಅಮ್ಮ ಹೋದ ಬಾಗಿಲ ಕಡೆ ಮುಖ ಮಾಡಿ ಕೂತೇ ಇದ್ದ.

ನೀಲಕ್ಕ ಎರಡೂ ಅಂಗೈ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಅವನ ಎದುರಿಗೆ ಕೂತಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸೆರಗು ತೆಗೆದು ಮುಖ ಮುಚ್ಚಿಕೊಳ್ಳಲು ಹೋಗಲಿಲ್ಲ. ಯಾರಿಂದ ಮುಚ್ಚಿಡಬೇಕು? ಮೈಲಾರಿ ಅವಳ ಮುಖ ನೋಡುತ್ತಿರಲಿಲ್ಲ.